ಶುಕ್ರವಾರದ ಅರ್ಧ ಗಂಟೆ

ವಾರಕ್ಕೊಂದೇ ಮಾತ್ರೆ, ಖಾಲಿ ಹೊಟ್ಟೆಗೆ,
ದೊಡ್ಡ ಲೋಟದ ತುಂಬ ನೀರಿನ ಜೊತೆ.
ಆಮೇಲೆ ಅರ್ಧ ಗಂಟೆ
ಮಲಗಬಾರದು, ಬಗ್ಗಬಾರದು.
ಅತ್ತಾವರದ ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದಾರೆ.

ಬಗ್ಗಬೇಡ ಅಂತ ನನಗೆ
ಈವರೆಗೆ ಯಾರೂ ಹೇಳಿದ್ದಿಲ್ಲ.

ನಲವತ್ತು ವರ್ಷ ಮಡಿಲಲ್ಲಿ ಮೊರ.
ಎಲೆ ಕತ್ತರಿಸು, ಹೊಗೆಸೊಪ್ಪು ತುಂಬು, ಸುರುಟು, ನೂಲು ಸುತ್ತು,
ಕತ್ತು ಎತ್ತದೆ ದಿನಕ್ಕೆ ಸಾವಿರ ಬೀಡಿ.
ತೊಕ್ಕೊಟ್ಟಿನ ಬ್ರಾಂಚಿನಲ್ಲಿ ಕಟ್ಟು ಹಿಸುಕಿ ನೋಡಿ
ಟೊಳ್ಳು ಎಂದು ಅತ್ತ ಎಸೆಯುತ್ತಿದ್ದರು.
ಈಗ ನನ್ನನ್ನೇ ಯಂತ್ರದಡಿ ಮಲಗಿಸಿ
ಬರೆದುಕೊಟ್ಟಿದ್ದಾರೆ:
ಮೈನಸ್ ಮೂರು ಪಾಯಿಂಟ್ ಎಂಟು.
ಕಡಿತ ನನಗೆ ಹೊಸತೇನಲ್ಲ.

ಸೀನಿದ್ದಕ್ಕೆ ಬೆನ್ನಿನದೊಂದು ಮಣಿ ಕುಸಿಯಿತು.
ಬರೇ ಸೀನಿದ್ದಕ್ಕೆ!

ಗೋಡೆಯಾಚೆಯಿಂದ ಐಸಮ್ಮ
ಮಂಗರವಳ್ಳಿ ಚಟ್ನಿ ದಾಟಿಸುತ್ತಾಳೆ,
ಗಂಟಲು ತುರಿಸದ ಹಾಗೆ ಹುಳಿ ಜಾಸ್ತಿ ಹಾಕಿ.
ಡಾಕ್ಟರಮ್ಮ ನಕ್ಕರು: ತಿನ್ನಿ ತಿನ್ನಿ,
ಮಾತ್ರೆ ಮಾತ್ರ ಬಿಡಬೇಡಿ.
ಸೊಸೆ ಸುಗಂಧಿ ಬಚ್ಚಲಿಗೆ ಒರಟು ಚಾಪೆ ಹಾಸಿದ್ದಾಳೆ,
ಕೊಡಪಾನ ಮುಟ್ಟಲು ಬಿಡುವುದಿಲ್ಲ.
ಬೊಳೆಂಜೀರನ್ನು ಮುಳ್ಳು ಸಮೇತ ಅಗಿಯುತ್ತೇನೆ,
ಮೀನಿನ ಹತ್ತಿರ ಕೈಸಾಲ ಕೇಳುವವಳ ಹಾಗೆ.

ಕ್ಯಾಲೆಂಡರಿನ ಮೊಳೆ ಈಗ ಕೈಗೆ ಸಿಗುವುದಿಲ್ಲ.
ಮೊಳೆ ಅಲ್ಲೇ ಇದೆ.

ಇವತ್ತು ಶುಕ್ರವಾರ.
ಅಂಗಳದಲ್ಲಿ ನೆಟ್ಟಗೆ ನಿಂತಿದ್ದೇನೆ,
ಆದಷ್ಟು ನೆಟ್ಟಗೆ. ಹೆಗಲ ಮೇಲೆ ಎಳೆ ಬಿಸಿಲು.
ಒಳಗೆ ಇವರ ಕನ್ನಡಕ ಬಿದ್ದ ಸದ್ದು.
ಸ್ವಲ್ಪ ಹೆಕ್ಕಿ ಕೊಡು ಮಾರಾಯ್ತಿ, ಎನ್ನುತ್ತಾರೆ.
ಗಡಿಯಾರ ನೋಡುತ್ತೇನೆ.
ಇನ್ನೂ ಹನ್ನೆರಡು ನಿಮಿಷ ಇದೆ.