ನಾನೂರ ಅರವತ್ತು ಗ್ರಾಂ

ನಾಗಾಸಾಕಿಯ ಮೆಟ್ಟಿಲುಗಳಿಗೆ ಲೆಕ್ಕವಿಲ್ಲ ಅನ್ನುತ್ತಾರೆ.
ನನ್ನ ಹತ್ತಿರ ಇದೆ: ದಿನಕ್ಕೆ ಎರಡು ಸಾವಿರದ ಮುನ್ನೂರು,
ಹತ್ತುವುದನ್ನು ಮಾತ್ರ ಎಣಿಸಿದರೆ.
ಹತ್ತೊಂಬತ್ತು ವರ್ಷದಿಂದ ಗ್ಯಾಸ್ ಮೀಟರುಗಳ ಮುಖ ಓದುತ್ತಿದ್ದೇನೆ.
ಬರುವ ಮಾರ್ಚಿಗೆ ಅವು ತಾವೇ ಮಾತು ಕಲಿಯುತ್ತವಂತೆ,
ನೇರ ಕಚೇರಿಯೊಡನೆ, ತಂತಿಯಿಲ್ಲದೆ,
ನನ್ನ ಹಂಗಿಲ್ಲದೆ.

ಅದಕ್ಕೇ ಬಂದೆ, ಹಳೆ ಕ್ಯಾಮೆರಾ ಮಾರುವ ಈ ಅಂಗಡಿಗೆ.
ತೆಗೆಯಬೇಕಾದ್ದು ಹೆಚ್ಚೇನಿಲ್ಲ:
ಕಿರ್ರೆನ್ನದಿರಲೆಂದು ಗೇಟಿನ ತಿರುಗಣಿಗೆ ಯಾರೋ ಸಿಕ್ಕಿಸಿದ ಚಪ್ಪಲಿಯ ತುಂಡು,
ಮೀಟರ್ ಪೆಟ್ಟಿಗೆಯ ಮೇಲೆ ಸದಾ ಒಣಗುವ ಒಂಟಿ ಕಾಲುಚೀಲ,
ಮತ್ತೆ, ಎರಡು ಗೋಡೆಗಳ ಸಂದಿಯಲ್ಲಿ ಸಿಕ್ಕಿಕೊಂಡ
ಒಂದು ಚೂರು ಕಡಲು.
ಹಡಗು ಹಾಯ್ದರೆ ಮೂರು ಎಣಿಸುವಷ್ಟರಲ್ಲಿ ಮುಗಿಯಿತು.

ಮಾತ್ಸುನಾಗ ಮುದುಕರು ಹಸಿರು ಬಟ್ಟೆ ಹಾಸಿ ಎರಡನ್ನಿಟ್ಟರು.
ಒಂದು ಮಿರರ್‌ಲೆಸ್. ಒಳಗೆ ಕನ್ನಡಿಯೇ ಇಲ್ಲ ಅಂದರು,
ತಮ್ಮ ಸೊಸೆಗೆ ಸೊಕ್ಕೇ ಇಲ್ಲ ಅನ್ನುವ ದನಿಯಲ್ಲಿ.
ಲೆನ್ಸ್ ಸೇರಿ ಏಳುನೂರು ಗ್ರಾಂ.
ಇನ್ನೊಂದು ಜೇಬಿನದು, ಅರ್ಧ ಸವೆದ ಸಾಬೂನಿನಷ್ಟು,
ಇನ್ನೂರ ನಲವತ್ತು.
ತೂಕ ಕಡಿಮೆಯಿದ್ದದ್ದಕ್ಕೇ ಬೆಲೆ ಜಾಸ್ತಿ!
ಈಗಿನ ಹುಡುಗಿಯರು ಹುಚ್ಚು ಹಿಡಿದು ಕೊಳ್ಳುತ್ತಾರಂತೆ ಇದನ್ನು,
ಮಸುಕು ಬೇಕಂತೆ ಅವರಿಗೆ. ಮಸುಕು!
ನನಗೆ ಕನ್ನಡಕವಿಲ್ಲದೆ ಪುಕ್ಕಟೆ ಸಿಗುತ್ತದೆ.

ಬಾಗಿಲಲ್ಲಿ ನಿಂತು ದೊಡ್ಡದನ್ನು ಕಣ್ಣಿಗೆ ಹಿಡಿದೆ.
ಮುಸ್ಸಂಜೆ. ಎದುರಿಗೆ ಮೀನಿನಂಗಡಿ.
ಕೊಡೆಯ ಕಪ್ಪು ಬೇರೆ, ರಬ್ಬರ್ ಬೂಟಿನ ಕಪ್ಪು ಬೇರೆ,
ಬಕೆಟ್ಟಿನೊಳಗಿನ ನೀರಿನ ಕಪ್ಪು ಇನ್ನೂ ಬೇರೆ.
ಇಷ್ಟು ದಿನ ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆದೆನಲ್ಲ!
ಅಷ್ಟರಲ್ಲಿ ಮೀನಿನಾಕೆ ನನ್ನನ್ನು ಕಂಡಳು.
ಏಪ್ರನ್ ನೇರ ಮಾಡಿಕೊಂಡು
ಪಾಸ್‌ಪೋರ್ಟಿನ ಮುಖ ಹಾಕಿ ನಿಂತಳು.

ಸಣ್ಣದನ್ನು ಹಿಡಿದಾಗ ಆಕೆ ತಲೆಯೆತ್ತಲಿಲ್ಲ.
ಹುರುಪೆ ಕೆರೆಯುತ್ತಲೇ ಇದ್ದಳು, ಮೊಣಕೈವರೆಗೂ ಮಿಣುಕು.
ಕತ್ತಲು ಮಾತ್ರ ರವೆರವೆಯಾಗಿ ಬಂತು.

"ಹೇಗೆ, ಫುಕಾಹೊರಿ-ಸಾನ್?"
ಹೇಗೆ ಅಂದರೆ ಏನು ಹೇಳಲಿ.
ಸೋಮವಾರ ಒಂದು ಗೇಟಿನ ಚಿಲಕ ಬಲಗೈ ಕೊಯ್ದಿತ್ತು,
ದೊಡ್ಡದರ ಹಿಡಿ ಸರಿಯಾಗಿ ಆ ಪಟ್ಟಿಯ ಮೇಲೇ ಕೂರುತ್ತಿತ್ತು.
ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ, ನಿಜ,
ಕನ್ನಡಿ ಇಲ್ಲದ ಯಂತ್ರವೂ ಬೇಕೋ ಬೇಡವೋ.
ಗುರುವಾರದವರೆಗೆ ಯಾರಿಗೂ ಕೊಡಬೇಡಿ ಅಂದು ಬಂದೆ.

ಮಾರನೆಯ ದಿನ ಚಹಾದ ಖಾಲಿ ಡಬ್ಬಿಯಲ್ಲಿ
ಡಬ್ಬಿಯೂ ಸೇರಿ ಸರಿಯಾಗಿ ಏಳುನೂರು ಗ್ರಾಂ ಆಗುವಂತೆ ಅಕ್ಕಿ ತುಂಬಿ,
ಹಗ್ಗ ಕಟ್ಟಿ ಕೊರಳಿಗೆ ಹಾಕಿ ಕೆಲಸಕ್ಕೆ ಹೋದೆ.
ಏನದು ಎಂದು ಕೇಳಿದವರಿಗೆಲ್ಲ ಕ್ಯಾಮೆರಾ ಅಂದೆ.
ಒಬ್ಬ ಹುಡುಗ ಡಬ್ಬಿಯ ಮುಂದೆ ನಿಂತು ಎರಡು ಬೆರಳೆತ್ತಿದ.
ಹಗ್ಗ ಕತ್ತು ಕೊರೆಯಿತು. ಜೇಬಿನದೇ ಸರಿ ಅನಿಸಿತು,
ಆರುನೂರನೆಯ ಮೆಟ್ಟಿಲಲ್ಲಿ, ಒಂಬೈನೂರರಲ್ಲಿ,
ಪ್ರತಿ ತಿರುವಿನಲ್ಲೂ.

ಸಾವಿರದ ನಾನೂರರ ಸುಮಾರಿಗೆ ಕೂತುಬಿಟ್ಟೆ.
ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ಕೂತವಳೇ ಅಲ್ಲ.
ಕೂತಾಗ ಕಡಲಿನ ಚೂರು ಸ್ವಲ್ಪ ಅಗಲವಿತ್ತು.
ಕೆಂಪು ಹೊಟ್ಟೆಯ ಹಡಗೊಂದು
ಎಡಗೋಡೆಯಿಂದ ಮೂಗು ತೂರಿಸಿತು.
ಒಂದು, ಎರಡು, ಮೂರು,
ನಾಲ್ಕು, ಐದು.
ಕೊರಳಲ್ಲಿ ಅಕ್ಕಿ.

ಗುರುವಾರ ಫೋನು ಮಾಡಿ, ಭಾರದ್ದನ್ನೇ ಎತ್ತಿಡಿ ಅಂದೆ.
ಗಾಯ ಮಾರ್ಚಿನೊಳಗೆ ಮಾಯುತ್ತದೆ.
ಮೀನಿನಾಕೆಯದು ಹೇಗೋ ಗೊತ್ತಿಲ್ಲ,
ಹತ್ತು ಸಲ ಹೋಗಿ ನಿಂತರೆ ಅವಳಿಗೇ ಬೇಸರವಾದೀತು.

ಡಬ್ಬಿಯ ಅಕ್ಕಿಯನ್ನು ಆ ರಾತ್ರಿಯೇ ಬೇಯಿಸಿದೆ.
ಚಹಾದ ವಾಸನೆ ಹೊಡೆಯುತ್ತಿತ್ತು.
ಎರಡು ದಿನಕ್ಕಾಯಿತು.