ಚಿಲ್ಲರೆ ಬಾಕಿ

ವಾರಕ್ಕೆ ಆರು ದಿನ ಸಿಟಿ ಬಸ್ಸಿನ ಕಂಡಕ್ಟರ್ ನಾನು.
ಒಂದು ಸೀಟಿ: ನಿಲ್ಲು. ಎರಡು: ಹೊರಡು.
ಏಳನೆಯ ದಿನ ಅದೇ ಬಾಯಲ್ಲಿ ಇನ್ನೊಂದು ಸೀಟಿ,
ಬನ್ನಿಮಂಟಪದ ಕಡೆ ಮೈದಾನ, ಸುಣ್ಣದ ಗೆರೆ, ಹುಡುಗರು.
ಊದಿದರೆ ಲೋಕ ನಿಲ್ಲುತ್ತದೆ ಅನ್ನುವುದು
ಹದಿನಾಲ್ಕು ವರ್ಷದ ಸರ್ವಿಸ್ಸಿನಲ್ಲಿ ಅಂಟಿಕೊಂಡ ಚಟ.

ಆ ಭಾನುವಾರ ದೇಚಮ್ಮ ಬಂದರು,
ಎದೆಯ ಮೇಲೆ ಅಂತರರಾಷ್ಟ್ರೀಯ ರೆಫರಿಯ ಬಿಲ್ಲೆ.
ವಿಜಯನಗರದ ತಂಗಿ ಮನೆಗೆ ರಜೆಗೆಂದು ಬಂದವರು
ಹದಿಮೂರರೊಳಗಿನ ಮಕ್ಕಳ ಪಂದ್ಯಕ್ಕೆ ಒಪ್ಪಿದ್ದರು,
ಕಾಸು ಬೇಡ, ಒಂದು ಲೋಟ ಕಾಫಿ ಸಾಕು ಅಂತ.
ನನ್ನ ಕೈಗೆ ಬಾವುಟ, ನನಗೆ ಪಕ್ಕದ ಗೆರೆ.

ಇಂಥವರ ಸೀಟಿ ಹೇಗಿರುತ್ತೋ ಎಂದು ಕಿವಿಗೊಟ್ಟು ಕಾದೆ.
ಅವರು ಒಂದು ಗಂಟೆ ಮುಂಚೆ ಬಂದು
ಬದು ನೋಡುವವರ ಹಾಗೆ ಮೈದಾನ ಸುತ್ತಿದರು.
ಬಾಟಲಿ ಚೂರು ಆರಿಸಿ ಕರವಸ್ತ್ರದಲ್ಲಿ ಕಟ್ಟಿದರು,
ಬಲೆಯ ತೂತಿಗೆ ಗೋಣಿದಾರ ಹಾಕಿಸಿದರು,
ಉದಯಗಿರಿಯ ಗೋಲಿಯ ದೊಡ್ಡ ಗ್ಲೌಸಿಗೆ
ತಮ್ಮ ಜಡೆಯ ರಬ್ಬರ್ ಬ್ಯಾಂಡು ಬಿಚ್ಚಿಕೊಟ್ಟರು.

ಆಟ ಶುರುವಾಗಿ ಹತ್ತು ನಿಮಿಷ, ಸೀಟಿಯೇ ಇಲ್ಲ.
ಚೆಂಡಿನ ಹಿಂದೆ ಓಡುವವರಲ್ಲ ಅವರು.
ಅದು ಬರುವ ಕಡೆಗೆ ಮೊದಲೇ ಹೋಗಿ
ಹಾದಿ ಬಿಟ್ಟು ನಿಂತಿರುತ್ತಿದ್ದರು,
ಪಂಕ್ತಿಯ ತುದಿಯಲ್ಲಿ ನಿಂತು
ಯಾರ ಎಲೆಗೆ ಏನು ಬೇಕೆಂದು ನೋಡುವ ಹಿರಿಯವ್ವನ ಹಾಗೆ.
ಗಾಂಧಿನಗರದ ಹುಡುಗನಿಗೆ ಕಾಲು ತಗುಲಿತು, ತೂಗಿದ, ಬೀಳಲಿಲ್ಲ;
ನನ್ನ ತುಟಿ ತಾನಾಗಿ ಮುಂದೆ ಬಂತು.
ಅವರು ಎರಡೂ ಕೈ ಚಾಚಿ
"ಆಡು ಮಗಾ, ಆಡು" ಅಂದರು.
ಆಡಿದ.

ಇಪ್ಪತ್ತೆರಡನೇ ನಿಮಿಷ.
ಎಡ್ವಿನ್ ಒಬ್ಬನೇ ಮುಂದೆ. ಚೆಂಡು ಬಂತು, ಒದ್ದ, ಬಲೆ ಉಬ್ಬಿತು.
ನನ್ನ ಬಾವುಟ ಅಷ್ಟರಲ್ಲೇ ಮೇಲೆ.
ಆಮೇಲೆ ಕಂಡ, ಆಚೆ ಕಂಬದ ಬುಡದಲ್ಲಿ
ಕುಕ್ಕರುಗಾಲಲ್ಲಿ ಕೂತು ಲೇಸು ಕಟ್ಟಿಕೊಳ್ಳುತ್ತಿದ್ದ
ಉದಯಗಿರಿಯ ಪುಟ್ಟ ಬ್ಯಾಕು.
ಅವನು ಅಲ್ಲಿದ್ದ ಮೇಲೆ ಆಫ್‌ಸೈಡ್ ಎಲ್ಲಿಯದು?
ದೇಚಮ್ಮ ನನ್ನ ಬಾವುಟ ನಂಬಿ ಊದಿದರು.
ಕೂಗಿ ಹೇಳಲು ಎರಡು ಉಸಿರಿನಷ್ಟು ಹೊತ್ತಿತ್ತು.
ಬಾವುಟ ಇಳಿಸಲಿಲ್ಲ ನಾನು.
ಫ್ರೀಕಿಕ್ ಹೊರಟೇಹೋಯಿತು.

ವಿರಾಮದಲ್ಲಿ, ಕಿತ್ತಳೆ ಸಿಪ್ಪೆಯ ನಡುವೆ, ಹೇಳಿಕೊಂಡೆ.
ಬೈಯಲಿಲ್ಲ.
"ಆಟ ಮತ್ತೆ ಶುರುವಾಯ್ತಲ್ಲ, ಇನ್ನು ತಿದ್ದೋಕಾಗಲ್ಲ.
ಒಂದು ನೆನಪಿಟ್ಕೊಳ್ಳಿ,
ಆ ಹುಡುಗನಿಗೆ ಬದಲಿಗೆ ಏನೂ ಕೊಡೋಕೆ ಹೋಗ್ಬೇಡಿ.
ನಿಮ್ಮ ಸಾಲ ಇನ್ನೊಬ್ಬ ಮಗುವಿನ ಜೇಬಿಂದ ತೀರಿಸಿದ ಹಾಗಾಗುತ್ತೆ."
ನಾನು ಅದನ್ನೇ ಯೋಚಿಸುತ್ತಿದ್ದೆ,
ಒಂದು ಥ್ರೋ, ಒಂದು ಕಾರ್ನರ್, ಹೀಗೆ ಕಂತಿನಲ್ಲಿ.

ಉದಯಗಿರಿ ಒಂದು, ಗಾಂಧಿನಗರ ಸೊನ್ನೆ.
ಎಡ್ವಿನ್ ನೇರ ಅವರ ಹತ್ತಿರ ಹೋದ.
"ಮಿಸ್, ಅದು ಗೋಲಲ್ವಾ?"
"ಗೋಲೇ ಕಣೋ. ಊದಿದ್ದು ನಾನು, ತಪ್ಪಾಯ್ತು."
ಬಾವುಟದ ಮಾತೇ ಎತ್ತಲಿಲ್ಲ.
ನಾನು ಹತ್ತು ಹೆಜ್ಜೆ ದೂರದಲ್ಲಿ
ಅದನ್ನು ಕೋಲಿಗೆ ಸುತ್ತುತ್ತಿದ್ದೆ, ಬಿಚ್ಚಿ ಮತ್ತೆ ಸುತ್ತುತ್ತಿದ್ದೆ.

ಸೋಮವಾರ. ಬೆಳಗಿನ ಮೊದಲ ಟ್ರಿಪ್ಪು.
ನೂರರ ನೋಟಿಗೆ ಚಿಲ್ಲರೆ ಇಲ್ಲ,
ಟಿಕೆಟ್ಟಿನ ಹಿಂದೆ ಬರೆದು ಸುತ್ತು ಹಾಕಿ ಕೊಡುತ್ತೇನೆ.
ಕೆಲವರು ಇಳಿಯುವಾಗ ಕೇಳಿ ಪಡೆಯುತ್ತಾರೆ,
ಕೆಲವರು ಮರೆತು ಇಳಿದುಬಿಡುತ್ತಾರೆ,
ಅವರ ಬೆನ್ನು ಎಷ್ಟೋ ದೂರ ಕಾಣುತ್ತಿರುತ್ತದೆ.

ಗಾಂಧಿನಗರದ ಸ್ಟಾಪಿನಲ್ಲಿ ಪಾಸಿನ ಹುಡುಗರು ಹತ್ತುತ್ತಾರೆ.
ಒಂದೊಂದೇ ಮುಖ ನೋಡುತ್ತೇನೆ.
ಮೊದಲ ಸೀಟಿ ಆಗಿದೆ. ಎರಡನೆಯದು ಬಾಯಲ್ಲೇ ಇದೆ.
ಡ್ರೈವರ್ ಪುಟ್ಟಮಾದು ಕನ್ನಡಿಯೊಳಗಿಂದ ಕೇಳುತ್ತಾನೆ,
"ಯಾಕಣ್ಣೋ, ಯಾರಾದ್ರೂ ಬರಬೇಕಾ?"