ಬೀಗ

ಶನಿವಾರ ನಾಲ್ಕಕ್ಕೆ, ಪರೇಲಿನ ಟ್ರಸ್ಟ್ ಕಟ್ಟಡದ ಮೂರನೇ ಮಹಡಿ.
ತಾಯ್‌ಶೆಟೆ ಮೇಡಂ ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಾರೆ.
ಎದುರಿಗೆ ನಾನು. ನಡುವೆ ರೆಕಾರ್ಡರು,
ಅದರೊಳಗೆ ಒಬ್ಬ ಮನುಷ್ಯ.

ಹೆಸರು ಬದಲಿಸಿದ್ದೇನೆ. ಶೀನಣ್ಣ ಅಂತಿಟ್ಟುಕೊಳ್ಳಿ.
ಕುಂದಾಪುರದ ಕಡೆಯವರು. ಫೋರ್ಟಿನ ಒಂದು ಕ್ಯಾಂಟೀನಿನ ಗಲ್ಲಾದಲ್ಲಿ
ಇಪ್ಪತ್ತಾರು ವರ್ಷ. ಅದಕ್ಕೂ ಮೊದಲು ಅಲ್ಲೇ ಮೇಜು ಒರೆಸುತ್ತ ಹದಿನೈದು.
ನಿದ್ದೆ ಇಲ್ಲ. ರಾತ್ರಿ ಎರಡಕ್ಕೆದ್ದು
ಎಣಿಸಿದ್ದನ್ನೇ ಎಣಿಸುತ್ತಾರೆ.

ಟೇಪು ಓಡುತ್ತದೆ. ಅದರ ಕನ್ನಡವನ್ನು ಮರಾಠಿಗೆ ತಿರುಗಿಸುತ್ತ ಹೋಗುತ್ತೇನೆ,
ಲೋಕಲ್‌ನಲ್ಲಿ ನಿಂತೇ ಜಡೆ ಹೆಣೆದುಕೊಳ್ಳುವವಳ ಹಾಗೆ, ಬೇಗ ಬೇಗ:
"ಹೋದ ವಾರ ಬಂದಿದ್ದರಂತೆ, ಕ್ಲಿನಿಕ್ ಮುಚ್ಚಿತ್ತಂತೆ.
ಆ ವಾರದ ಇನ್ನೂರನ್ನೂ ಮೇಜಿನ ಮೇಲಿಟ್ಟರು.
ಬೇಡ ಅಂದೆ, ನನಗೆ ಜ್ವರ ಇತ್ತು ಅಂದೆ,
ಆಮೇಲೆ ಉಸಿರಾಟದ ಅಭ್ಯಾಸಕ್ಕೆ..."

ಮೇಡಂ ಗುಂಡಿ ಒತ್ತಿದರು.
"ಅಷ್ಟು ಬೇಗ ವಾಪಸ್ ಕೊಟ್ಟೆ. ಎಣಿಸಿ ನೋಡಿದೆಯಾ?"

ಎಣಿಸುವುದೇನು, ಎರಡು ನೋಟು.

"ಹಿಂದಕ್ಕೆ ತಿರುಗಿಸು. ಅವರ ಮಾತು ಬೇಕು, ನಿನ್ನದಲ್ಲ."

ಹಿಂದೆ. ಇನ್ನೂ ಹಿಂದೆ. ಎಲ್ಲೋ ಕುಕ್ಕರಿನ ಸೀಟಿ, ಫ್ಯಾನಿನ ಕಿರ್ರು,
ನನ್ನ ಪೆನ್ನು ಬಿದ್ದ ಸದ್ದು. ಆಮೇಲೆ ಅವರು:
"ನಾನ್ ಬಂದಿದ್ದೆ. ಬೀಗ ಇದ್ದಿತ್."
ಹನ್ನೊಂದು ಸೆಕೆಂಡು.
"ಲೆಕ್ಕ ಅಂದ್ರೆ ಲೆಕ್ಕವೇ."

ಆ ಹನ್ನೊಂದು ಸೆಕೆಂಡು ನಾನೆಲ್ಲಿದ್ದೆ?
ನೋಟ್‌ಬುಕ್ಕಿನಲ್ಲಿ. ಗೀಟು ಹಾಕಿದ ಮೂರು ಕಾಲಂ:
ಯೋಚನೆ, ಭಾವನೆ, ಪುರಾವೆ.

ಬೀಗ ಅಂದರೆ ಕುಲೂಪ್, ಅಂದೆ ಮೇಡಂಗೆ.
ಮಗಳ ಮಾವನನ್ನೂ ನಮ್ಮಲ್ಲಿ ಬೀಗ ಅನ್ನುತ್ತಾರೆ.
ಅವರು ನಕ್ಕೇ ನಕ್ಕರು: "ನಂಟಿಗೂ ಕುಲೂಪಿಗೂ ಒಂದೇ ಹೆಸರು!
ಇಪ್ಪತ್ತು ವರ್ಷದಿಂದ ನಾನು ಕಲಿಸುತ್ತಿರುವುದು
ನಿಮ್ಮಜ್ಜಿಗೆ ಗೊತ್ತಿತ್ತು ಹಾಗಾದರೆ."
ಆಮೇಲೆ ನಗದೆ: "ಮುಚ್ಚಿದ್ದು ಕ್ಲಿನಿಕ್ ಅಲ್ಲ, ಹುಡುಗಿ. ನೀನು."

ಸಿಟ್ಟು ಬಂತು. ನೂರಾ ಎರಡು ಜ್ವರ ಇತ್ತು ನನಗೆ.
ಆ ಸಿಟ್ಟನ್ನೂ ಅವರು ಕಂಡರು. ಕಂಡು
ಬಿಸ್ಕತ್ತಿನ ಪೊಟ್ಟಣ ಇತ್ತ ಸರಿಸಿ, ಫೋನ್ ನೋಡದೆ,
ಅದು ಮುಗಿಯುವವರೆಗೂ ಅಲ್ಲೇ ಇದ್ದರು.
ಅದೂ ಪಾಠವೇ ಎಂದು ನನಗೆ ಹೊಳೆಯುವಷ್ಟರಲ್ಲಿ ಕುರ್ಲಾ ದಾಟಿತ್ತು.
ಮೂವರ ಸೀಟಿನ ತುದಿಯಲ್ಲಿ ಬಟಾಣಿ ಸುಲಿಯುತ್ತಿದ್ದವಳು
ನನ್ನ ಮುಖವನ್ನೂ ನೋಡದೆ ನಾಲ್ಕು ಬೆರಳು ಸರಿದಳು.
ಅರ್ಧ ತೊಡೆಗೆ ಜಾಗ.

ಮಂಗಳವಾರ. ಅವರು ಮತ್ತೆ ಅದೇ ಇನ್ನೂರು ಇಟ್ಟರು.
ಮುಟ್ಟಲಿಲ್ಲ ನಾನು. ಫ್ಯಾನಿನ ಗಾಳಿಗೆ ನೋಟಿನ ಅಂಚು ಎದ್ದು ಬಿತ್ತು.
"ಆವತ್ತು ಎಷ್ಟು ಹೊತ್ತು ನಿಂತಿರಿ?"
"ನಲವತ್ತು ನಿಮಿಷ."
"ನಿಂತಾಗ?"
ಬಾಯಿ ತೆರೆದರು, ಮುಚ್ಚಿದರು. ಕೆಳಗೆ ಬಸ್ಸು, ಕೈಗಾಡಿ.
ನನ್ನ ನಾಲಗೆಯ ತುದಿಯಲ್ಲಿ ಜ್ವರ, ಥರ್ಮಾಮೀಟರು, ಡಾಕ್ಟರ ಚೀಟಿ
ಸಾಲು ಹಚ್ಚಿ ನಿಂತಿದ್ದವು. ನುಂಗಿದೆ.

"ಒಂದ್ ಫೋನ್ ಮಾಡೂಕೆ ಎಂತ ನಿಮ್ಗೆ?"
ಸಿಡಿದರು. "ಮನುಷ್ಯ ನಿಂತಿರ್ತಾನೆ ಅಂತ ಗೊತ್ತಿಲ್ವಾ?"
ನಲವತ್ತೊಂದು ವರ್ಷ ಯಾರ ಮೇಲೂ ಏರಿಸದ ದನಿ,
ಆಮೇಲೆ ಅವರೇ ಹೇಳಿದ್ದು ಇದು,
ಏರಿ, ತಾನೇ ಬೆಚ್ಚಿ, ಬಾಗಿಲ ಕಡೆ ನೋಡಿತು.
ನನ್ನ ಕಿವಿ ಬಿಸಿ. ಕೂತೇ ಇದ್ದೆ.
"ಗೊತ್ತಿರಬೇಕಿತ್ತು. ತಪ್ಪು ನನ್ನದು," ಅಂದೆ. "ಇನ್ನೂ ಇದೆಯಾ?"

ಇತ್ತು. ಹನ್ನೊಂದರ ಹುಡುಗನನ್ನು ಅಡುಗೆಮನೆಯ ಹಿಂಬಾಗಿಲಲ್ಲಿ ಬಿಟ್ಟು
ಭಾನುವಾರ ಬರ್ತೇನೆ ಅಂದ ಸೋದರಮಾವ ಇದ್ದ.
ಅವನು ಮುಗಿಯುವ ಮೊದಲೇ ಐವತ್ತು ನಿಮಿಷ ಮುಗಿಯಿತು.

ಏಳುವಾಗ ಆ ಎರಡರಲ್ಲಿ ಒಂದು ನೋಟು ಎತ್ತಿಕೊಂಡರು.
ಒಂದು ಬಿಟ್ಟರು. "ಅರ್ಧರ್ಧ," ಅಂದರು, ಗಲ್ಲಾದ ದನಿಯಲ್ಲಿ.
ಕೊಂಡಿಯಲ್ಲಿ ತೆರೆದು ನೇತಾಡುತ್ತಿದ್ದ ಬೀಗವನ್ನು
ಬೆರಳಿನಿಂದ ಒಮ್ಮೆ ತೂಗಿ ಮೆಟ್ಟಿಲಿಳಿದರು.

ಈ ನೂರನ್ನು ಯಾವ ಖಾತೆಗೆ ಬರೆಯಲಿ?
ಶನಿವಾರ ಮೇಡಂ ಕೇಳುತ್ತಾರೆ. ಗೊತ್ತಿಲ್ಲ ಅನ್ನುತ್ತೇನೆ.